ಪರಭಾಷೆಯಲ್ಲಿ ಬರೆಯುವವನ ಹೊಣೆ

ನಮ್ಮ ಗಡಿಸೀಮೆಯ ಮನುಷ್ಯನು ದಿನವೊಂದಕ್ಕೆ ಎಷ್ಟು ಭಾಷೆಗಳಲ್ಲಿ ಬಾಳುವೆ ಮಾಡುತ್ತಾನೆಂಬದನ್ನು ಹೊರಗಿನವರು ಸುಲಭವಾಗಿ ಊಹಿಸಲಾರರು. ಚಿಕ್ಕೋಡಿಯ ಗೃಹಸ್ಥನೊಬ್ಬನು ಮುಂಜಾನೆ ಮನೆಯಲ್ಲಿ ಕನ್ನಡವನ್ನಾಡಿ, ಮಧ್ಯಾಹ್ನ ನಿಪ್ಪಾಣಿಯ ಪೇಟೆಯಲ್ಲಿ ಮರಾಠಿಯಿಂದ ವ್ಯವಹರಿಸಿ, ಬ್ಯಾಂಕಿನ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿ, ಸಂಜೆ ಬಸದಿಯಲ್ಲಿಯೋ ಗುಡಿಯಲ್ಲಿಯೋ ತನಗೆ ಅರ್ಧ ತಿಳಿದು ಅರ್ಧ ತಿಳಿಯದ ಪ್ರಾಕೃತವನ್ನೋ ಸಂಸ್ಕೃತವನ್ನೋ ಕೈಮುಗಿದು ಕೇಳಿ ಮನೆಗೆ ಬರುತ್ತಾನೆ. ಇಷ್ಟರಲ್ಲಿ ಯಾವದೂ ಅವನಿಗೆ ಭಾರವೆನಿಸುವದಿಲ್ಲ. ಆಡುವ ಮಾತಿಗೆ ಎದುರಿಗೆ ಕೇಳುವವನಿರುತ್ತಾನೆ. ತಪ್ಪಿದರೆ ಅವನೇ ತಿದ್ದುತ್ತಾನೆ, ಇಲ್ಲವೆ ನಗುತ್ತಾನೆ. ಭಾರವೆನಿಸುವದು ಬರೆಯುವ ಪ್ರಸಂಗ ಒದಗಿದಾಗ.

ಇಂಗ್ಲಿಷು ನಮಗೆ ಬೇಕೋ ಬೇಡವೋ ಎಂಬ ಹಳೆಯ ವಾದವನ್ನು ಮತ್ತೆ ಹೂಡುವದು ಈ ಲೇಖನದ ಉದ್ದೇಶವಲ್ಲ. ಆ ವಾದವನ್ನು ಕೇಳಿ ಕೇಳಿ ವಾಚಕರೂ ದಣಿದಿರಬೇಕು. ಅಥಣಿ, ರಾಯಬಾಗ, ಕಾಗವಾಡಗಳ ಮಕ್ಕಳು ಇಂದು ವೈದ್ಯರಾಗಿದ್ದಾರೆ, ಇಂಜಿನಿಯರರಾಗಿದ್ದಾರೆ, ಕೃಷಿತಜ್ಞರೂ ಪ್ರಾಧ್ಯಾಪಕರೂ ಆಗಿದ್ದಾರೆ. ಅವರೆಲ್ಲರೂ ತಮ್ಮ ಪ್ರಬಂಧಗಳನ್ನೂ ವರದಿಗಳನ್ನೂ ಇಂಗ್ಲಿಷಿನಲ್ಲಿಯೇ ಬರೆಯುತ್ತಾರೆ, ಇನ್ನು ಮುಂದೆಯೂ ಬರೆಯುವರು. ನಾನು ವಿಚಾರಿಸಬೇಕೆಂದಿರುವ ಪ್ರಶ್ನೆ ಬೇರೆಯದು. ತನ್ನ ನೆಲದ ಜನರ ವಿಷಯವಾಗಿ, ಆ ಜನಕ್ಕೆ ತಿಳಿಯದ ಭಾಷೆಯಲ್ಲಿ, ಆ ಜನವನ್ನು ಎಂದೂ ಕಾಣದ ಓದುಗರಿಗಾಗಿ ಬರೆಯುವವನು ಸತ್ಯಕ್ಕೆ ಹೇಗೆ ಕಟ್ಟುಬಿದ್ದಿರುತ್ತಾನೆ? ಅವನು ತಪ್ಪಿದರೆ ತಪ್ಪೆಂದು ಹೇಳುವವರು ಯಾರು?

ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಚಿಕ್ಕೋಡಿ ತಾಲೂಕಿನ ಸದಲಗೆಯಲ್ಲಿ 1906ರಲ್ಲಿ ಹುಟ್ಟಿದ ಡಾಕ್ಟರ್ ಆದಿನಾಥ ನೇಮಿನಾಥ ಉಪಾಧ್ಯೇ ಅವರ ಹೆಸರನ್ನು ಕೇಳದ ಸುಶಿಕ್ಷಿತ ಮನೆತನವು ಈ ಭಾಗದಲ್ಲಿ ಇರಲಾರದು. ಆದರೆ ಅವರು ಬರೆದದ್ದನ್ನು ಓದಿದ ಮನೆತನಗಳು ಎಷ್ಟಿವೆಯೋ ಹೇಳುವದು ಕಠಿಣ. ಅವರ ಮನೆಮಾತು ಕನ್ನಡ. ಮೂವತ್ತು ವರ್ಷಗಳಿಗೂ ಮಿಕ್ಕು ಅವರು ಪಾಠ ಹೇಳಿದ ಊರು ಕೊಲ್ಲಾಪುರ. ಅಲ್ಲಿಯ ಬೀದಿಯ ಮಾತು ಮರಾಠಿ. ಅವರು ಜೀವಮಾನವನ್ನೆಲ್ಲ ಸವೆಸಿದ ವಿಷಯ ಪ್ರಾಕೃತ. ಆ ಶೋಧನೆಯ ಫಲವನ್ನು ಲೋಕದ ಮುಂದೆ ಇಟ್ಟದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ. 1935ರಲ್ಲಿ ಮುಂಬಯಿಯಲ್ಲಿ ಅಚ್ಚಾದ ಅವರ ‘ಪ್ರವಚನಸಾರ’ದ ಸಂಪುಟವನ್ನು ಕೈಯಲ್ಲಿ ಹಿಡಿದರೆ ಒಂದು ಸೋಜಿಗವು ಗೋಚರವಾಗುತ್ತದೆ. ಕುಂದಕುಂದಾಚಾರ್ಯರ ಪ್ರಾಕೃತ ಗಾಹೆಗಳು, ಅವಕ್ಕೆ ಅಮೃತಚಂದ್ರ ಜಯಸೇನರ ಸಂಸ್ಕೃತ ಟೀಕೆಗಳು, ಪಾಂಡೆ ಹೇಮರಾಜನ ಹಿಂದೀ ವ್ಯಾಖ್ಯಾನ, ಇವೆಲ್ಲಕ್ಕೂ ಮುಂಚೆ ಉಪಾಧ್ಯೇ ಅವರ ವಿಸ್ತಾರವಾದ ಇಂಗ್ಲಿಷ್ ಪ್ರಸ್ತಾವನೆ. ಒಂದೇ ರಟ್ಟಿನೊಳಗೆ ಮುನಿಯೂ ಪಂಡಿತನೂ ಶ್ರಾವಕನೂ ಪರದೇಶದ ಪ್ರಾಧ್ಯಾಪಕನೂ ಕೂತಿದ್ದಾರೆ. ಪ್ರತಿಯೊಬ್ಬನೂ ತನಗೆ ತಿಳಿಯುವ ಪುಟವನ್ನು ತೆರೆಯಬಹುದು.

ಇದು ಸಣ್ಣ ಮಾತಲ್ಲ. ಪ್ರಸ್ತಾವನೆಯಲ್ಲಿ ಸಂಪಾದಕನು ಆಚಾರ್ಯರ ಕಾಲವನ್ನು ಕುರಿತು ಒಂದು ಮಾತು ಹೇಳಿದರೆ ಅದಕ್ಕೆ ಆಧಾರವಾದ ಮೂಲವು ಅದೇ ಪುಸ್ತಕದಲ್ಲಿದೆ. ಇಂಗ್ಲಿಷನ್ನು ನಂಬದವನು ಗಾಹೆಯನ್ನು ಓದಿ ವಾದಿಸಬಹುದು. ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಕಾಲನಿರ್ಣಯ, ಹಸ್ತಪ್ರತಿಗಳ ತೌಲನಿಕ ವಿಚಾರ, ಸಂಪ್ರದಾಯದ ಕಥೆಗಳ ಪರೀಕ್ಷೆ, ಇವೇ ಆ ಗ್ರಂಥದಲ್ಲಿ ಹೊಸವು. ಮತ್ತು ಅವೇ ಸದಲಗೆಯ ಶ್ರಾವಕನಿಗೆ ಮುಚ್ಚಿದ ಬಾಗಿಲಾದವು. ತನ್ನ ಆಚಾರ್ಯರ ವಿಷಯದಲ್ಲಿ ತನ್ನದೇ ತಾಲೂಕಿನ ವಿದ್ವಾಂಸನು ಏನನ್ನು ಒಪ್ಪಿದನು, ಏನನ್ನು ಸಂದೇಹಿಸಿದನೆಂಬದು ಅವನಿಗೆ ತಿಳಿಯಲಿಲ್ಲ. ಉಪಾಧ್ಯೇ ಅವರು ಕನ್ನಡದಲ್ಲಿಯೂ ಬರೆದರೆಂಬದನ್ನು ನಾನು ಮರೆತಿಲ್ಲ. ಅಖಿಲ ಭಾರತ ಪ್ರಾಚ್ಯ ವಿದ್ಯಾ ಪರಿಷತ್ತು 1966ರಲ್ಲಿ ಅಲೀಗಢದಲ್ಲಿ ಅವರ ಅಧ್ಯಕ್ಷತೆಯಲ್ಲಿ ಕೂಡಿದ ಮರುವರ್ಷವೇ, 1967ರಲ್ಲಿ, ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೂ ಅವರೇ ಅಧ್ಯಕ್ಷರಾದರು. ಎರಡೂ ಮನೆಗಳು ಅವರನ್ನು ತಮ್ಮವರೆಂದು ಕರೆದವು. ಎರಡೂ ಮನೆಗಳಲ್ಲಿ ಲೆಕ್ಕ ಒಪ್ಪಿಸುವದು ಸಾಧ್ಯವೆಂಬದಕ್ಕೆ ಅವರೇ ಸಾಕ್ಷಿ. ಅದು ಸುಲಭವಲ್ಲವೆಂಬದಕ್ಕೂ ಅವರೇ ಸಾಕ್ಷಿ.

ಅನ್ಯರಿಗಾಗಿ ಬರೆಯುವಾಗ ಭಾಷೆಯಂತೆ ರೀತಿಯನ್ನೂ ಬದಲಿಸಬೇಕಾಗುತ್ತದೆ. ಈ ರೀತಿಯ ವಿಷಯವಾಗಿ ಅಮೇರಿಕೆಯ ರಾಬರ್ಟ್ ಕ್ಯಾಪ್ಲನ್ ಎಂಬ ಭಾಷಾವಿಜ್ಞಾನಿ 1966ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಪರದೇಶದ ವಿದ್ಯಾರ್ಥಿಗಳು ಬರೆದ ಇಂಗ್ಲಿಷ್ ಪ್ರಬಂಧಗಳನ್ನು ನೋಡಿ, ಒಂದೊಂದು ಜನಾಂಗದ ವಿಚಾರದ ನಡೆಯನ್ನು ಒಂದೊಂದು ರೇಖೆಯಿಂದ ಬರೆದು ತೋರಿಸಿದರು. ಇಂಗ್ಲಿಷರದು ಮೇಲಿನಿಂದ ಕೆಳಗೆ ನೆಟ್ಟಗೆ ಇಳಿಯುವ ಬಾಣ. ಪೌರ್ವಾತ್ಯರದು ಸುತ್ತಿ ಸುತ್ತಿ ಒಳಗೆ ಹೋಗುವ ಸುರುಳಿ. ಮುಂದೆ ಕ್ಯಾಪ್ಲನ್ನರೇ ತಮ್ಮ ಮಾತನ್ನು ಬಹಳಷ್ಟು ಸಡಿಲಿಸಿದರು. ಆದರೆ ಆ ಚಿತ್ರವು ಪಾಠಪುಸ್ತಕಗಳಲ್ಲಿ ನೆಲೆನಿಂತಿತು. ನಮ್ಮ ಅಧ್ಯಾಪಕರಲ್ಲಿ ಹಲವರು ತಮ್ಮ ಶಿಷ್ಯರ ಬರೆಹವನ್ನು ನೋಡಿ, “ನಮ್ಮವರ ತಲೆಯೇ ಹಾಗೆ, ಸುತ್ತಿ ಬಳಸಿ ಹೇಳುವದು ನಮ್ಮ ರಕ್ತದಲ್ಲಿದೆ” ಎಂದು ನಿಟ್ಟುಸಿರು ಬಿಡುತ್ತಾರೆ.

ನನಗೆ ಇದು ಒಪ್ಪಿಗೆಯಿಲ್ಲ. ಶಾಸ್ತ್ರಗ್ರಂಥದ ಆರಂಭದಲ್ಲಿ ಅನುಬಂಧ ಚತುಷ್ಟಯವನ್ನು ಹೇಳಬೇಕೆಂದು ವಿಧಿಸಿದವರು ಯಾರು? ಈ ಗ್ರಂಥದ ವಿಷಯವೇನು, ಇದರಿಂದ ಪ್ರಯೋಜನವೇನು, ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು, ಇದನ್ನು ಓದಲು ಅಧಿಕಾರಿ ಯಾರು, ಈ ನಾಲ್ಕನ್ನು ಮೊದಲೇ ತಿಳಿಸದ ಗ್ರಂಥವನ್ನು ಬುದ್ಧಿವಂತರು ಕೈಯಲ್ಲಿ ಹಿಡಿಯುವದಿಲ್ಲವೆಂದು ನಮ್ಮ ಪೂರ್ವಿಕರೇ ಹೇಳಿದರು. ಮೀಮಾಂಸಕರ ಅಧಿಕರಣದಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂದು ಒಂದೊಂದು ಮೆಟ್ಟಿಲೂ ಗೊತ್ತಾಗಿದೆ. ಎದುರಾಳಿಯ ವಾದವನ್ನು ಅವನಿಗಿಂತಲೂ ಚೆನ್ನಾಗಿ ಮಂಡಿಸದೆ ಖಂಡಿಸಲು ಅಲ್ಲಿ ಎಡೆಯಿಲ್ಲ. ಇದಕ್ಕಿಂತ ನೆಟ್ಟಗಿನ ರೇಖೆ ಯಾವದು? ಇತ್ತ ನೋಡಿದರೆ ಇಂಗ್ಲಿಷರ ನೆಟ್ಟಗಿನ ಗದ್ಯವಾದರೂ ಹುಟ್ಟುಗುಣವಲ್ಲ. 1660ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಹುಟ್ಟಿತು. ಅದರ ಇತಿಹಾಸವನ್ನು 1667ರಲ್ಲಿ ಬರೆದ ಥಾಮಸ್ ಸ್ಪ್ರಾಟನು, ಪಂಡಿತರ ಅಲಂಕೃತ ಶೈಲಿಯನ್ನು ಬಿಟ್ಟು ಕುಶಲಕರ್ಮಿಗಳ, ಹಳ್ಳಿಗರ, ವ್ಯಾಪಾರಿಗಳ ಬರಿಯ ಮಾತಿಗೆ ಸದಸ್ಯರು ಮರಳಬೇಕೆಂದು ಬಯಸಿದರೆಂದು ಹೇಳಿದನು. ಅವರೂ ಯತ್ನಪಟ್ಟು ಕಲಿತರು. ಜರ್ಮನ್ ವಿದ್ವಾಂಸರು ಪ್ರಬಂಧದ ನಡುವೆ ಉಪಕಥೆಗಳಂತೆ ವಿಷಯಾಂತರಗಳನ್ನು ಮಾಡುತ್ತಾರೆಂದೂ, ಇಂಗ್ಲಿಷರಿಗೆ ಅದು ಅಸ್ತವ್ಯಸ್ತವಾಗಿ ಕಾಣುತ್ತದೆಂದೂ ಮೈಕಲ್ ಕ್ಲೈನ್ 1987ರಲ್ಲಿ ತೋರಿಸಿಕೊಟ್ಟರು. ಜರ್ಮನರ ತಲೆಯಲ್ಲಿ ಸುರುಳಿಯಿದೆಯೆಂದು ಯಾರೂ ಮರುಗಲಿಲ್ಲ.

ನಮ್ಮ ಇಂಗ್ಲಿಷ್ ಬರೆಹದಲ್ಲಿ ಸುತ್ತು ಇರುವದು ನಿಜವಾದರೆ ಅದರ ಕಾರಣವು ಕಚೇರಿಯಲ್ಲಿದೆಯೆಂದು ನನಗೆ ತೋರುತ್ತದೆ. ನಾವು ಇಂಗ್ಲಿಷನ್ನು ಮೊದಲು ಕಲಿತದ್ದು ಶಾಸ್ತ್ರ ಬರೆಯಲಿಕ್ಕಲ್ಲ, ಅರ್ಜಿ ಬರೆಯಲಿಕ್ಕೆ. ಮಾಮಲೇದಾರರಿಗೂ ಕಲೆಕ್ಟರರಿಗೂ ಬರೆದ ಬಿನ್ನವತ್ತಳೆಯಲ್ಲಿ ಮೂರು ಸಾಲು ನಮಸ್ಕಾರ, ಎರಡು ಸಾಲು ದೈನ್ಯ, ಕೊನೆಗೆ ಅರ್ಧ ಸಾಲು ಕೆಲಸದ ಮಾತು. ಆ ದೈನ್ಯವನ್ನು ಇಂದಿನ ತರುಣರು ಸಂಶೋಧನ ಪ್ರಬಂಧಕ್ಕೂ ತಂದರೆ ಅದು ಪೌರ್ವಾತ್ಯ ಮನೋಧರ್ಮವಲ್ಲ. ಮೊಣಕಾಲೂರಿ ಕಲಿತ ಭಾಷೆಯ ರೂಢಿ. ಆದುದರಿಂದ ನೆಟ್ಟಗೆ ಬರೆಯುವದನ್ನು ಕಲಿಯುವದರಲ್ಲಿ ನಮ್ಮತನಕ್ಕೆ ಯಾವ ಕುಂದೂ ಇಲ್ಲ. ಪರಸ್ಥಳದ ಅತಿಥಿಗೆ ಅವನು ಉಣ್ಣಬಲ್ಲ ಖಾರದಲ್ಲಿ ಅಡಿಗೆ ಮಾಡುವದು ಸಂಸ್ಕೃತಿಯ ಲಕ್ಷಣವೇ ಹೊರತು ಸೋಲಲ್ಲ. ಇಲ್ಲಿಯ ವರೆಗೆ ತಂಟೆಯಿಲ್ಲ. ರೀತಿಯನ್ನು ಬದಲಿಸಲು ಹೋಗಿ ಮಾತನ್ನೇ ಬದಲಿಸಿದಾಗ ತಂಟೆ ಆರಂಭವಾಗುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ಹತ್ತು ಹನ್ನೆರಡು ವರ್ಷಗಳ ಕೆಳಗೆ ನಾನು ನಿಪ್ಪಾಣಿಯ ತಂಬಾಕದ ವಖಾರಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ವಿಷಯವಾಗಿ ಒಂದು ಇಂಗ್ಲಿಷ್ ಪ್ರಬಂಧವನ್ನು ಬರೆದೆನು. ನೌಕರಿಯಲ್ಲಿ ಮೇಲೇರಬೇಕಾದರೆ ಇಂಥವು ಬೇಕಾಗುತ್ತವೆಂಬದನ್ನು ಮುಚ್ಚಿಡುವದಿಲ್ಲ. ಪ್ರಶ್ನೆಗಳ ಪಟ್ಟಿಯನ್ನು ಬೇರೆ ಪ್ರಾಂತದವರು ಅಚ್ಚು ಹಾಕಿಸಿದ ಒಂದು ಪ್ರಬಂಧದಿಂದ ಎತ್ತಿಕೊಂಡಿದ್ದೆ. ಮೂವತ್ತು ನಲ್ವತ್ತು ಜನರನ್ನು ಕೇಳಿ, ಹೌದು ಅಲ್ಲಗಳನ್ನು ಎಣಿಸಿ, ಕರಡು ಸಿದ್ಧಪಡಿಸಿದೆ. ಒಂದು ಸಂಜೆ ಇನ್ನೆರಡು ಸಂಗತಿಗಳನ್ನು ಕೇಳಲೆಂದು ಅವರಲ್ಲಿ ಹಿರಿಯಳಾದ ಒಬ್ಬಳ ಮನೆಗೆ ಹೋದಾಗ ಕರಡು ನನ್ನ ಚೀಲದಲ್ಲಿಯೇ ಇತ್ತು. ಚಹ ಕೊಟ್ಟು ಆಕೆ ಕೇಳಿದಳು:

“ಏನ ಬರದೀರಿ ಮಾಸ್ತರ, ನಮ್ಮ ಬಗ್ಗೆ? ನಮಗೂ ಒಂದೀಟ ಓದಿ ಹೇಳ್ರಿ.”

ನಾನು ಓದತೊಡಗಿದೆ, ಇಂಗ್ಲಿಷನ್ನು ಮನಸ್ಸಿನಲ್ಲಿಯೇ ಕನ್ನಡಕ್ಕೆ ತಿರುಗಿಸುತ್ತ ಒಂದೊಂದೇ ವಾಕ್ಯವನ್ನು ಹೇಳುತ್ತ ಹೋದೆ. ಕೂಲಿ, ಕೆಲಸದ ವೇಳೆ, ಜರಡಿ ಹಿಡಿಯುವಾಗ ಏಳುವ ಧೂಳು, ಎಲ್ಲಕ್ಕೂ ಆಕೆ ತಲೆಯಲ್ಲಾಡಿಸಿದಳು. ಆ ಮೇಲೆ ಒಂದು ವಾಕ್ಯ ಬಂದಿತು. “ಈ ಕೆಲಸಗಾರ್ತಿಯರಲ್ಲಿ ಆರೋಗ್ಯದ ವಿಷಯವಾಗಿ ತಿಳಿವಳಿಕೆಯು ಕಡಿಮೆಯಿರುವದು ಕಂಡುಬಂದಿತು” ಎಂಬದು ಅದರ ಅರ್ಥ. ನನ್ನ ನಾಲಿಗೆ ತಡೆಯಿತು. ನಾನು ಆ ವಾಕ್ಯವನ್ನು ಬಿಟ್ಟು ಮುಂದಿನದನ್ನು ಓದಿದೆನು. ಆಕೆಗೆ ತಿಳಿಯಲಿಲ್ಲ.

ಏಕೆ ಬಿಟ್ಟೆನು? ಅದೇ ಮನೆಯಲ್ಲಿ, ಅದೇ ಜಗುಲಿಯ ಮೇಲೆ, ಒಂದು ತಿಂಗಳ ಹಿಂದೆ ಆಕೆ ನನಗೆ ಹೇಳಿದ್ದಳು: “ಧೂಳಿ ಎದಿಗೆ ಬೀಳತೈತಿ ಅನ್ನೂದು ನಮಗ ಗೊತ್ತಿಲ್ಲೇನ್ರಿ? ಮೂಗಿಗೆ ಸೆರಗ ಕಟ್ಟಿಕೊಂಡ್ರ ಉಸರ ಹಿಡೀತೈತಿ, ಬಿಚ್ಚಿದ್ರ ಕೆಮ್ಮ ಬರತೈತಿ, ಕೆಲಸಾನ ಬಿಟ್ರ ಒಲಿ ಹೊತ್ತೂದಿಲ್ಲ. ಮೂರರಾಗ ಒಂದು ಆರಿಸಿಕೊಂಡೀವಿ.” ಇದು ತಿಳಿವಳಿಕೆಯ ಅಭಾವವೇ? ಇಷ್ಟು ಸ್ಪಷ್ಟವಾಗಿ ತನ್ನ ಸ್ಥಿತಿಯನ್ನು ತೂಗಿ ನೋಡಿದವರನ್ನು ನಾನು ಕಾಲೇಜಿನಲ್ಲಿಯೂ ಕಂಡಿಲ್ಲ. ಆದರೆ ನನ್ನ ಪಟ್ಟಿಯಲ್ಲಿ ಇದ್ದ ಪ್ರಶ್ನೆ, “ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವಿರೋ?” ಎಂಬದು. ಅವಳ ಉತ್ತರ, “ಇಲ್ಲ.” ಆ ‘ಇಲ್ಲ’ವು ನನ್ನ ಕೋಷ್ಟಕದಲ್ಲಿ ಅಜ್ಞಾನವೆಂದು ಜಮೆಯಾಯಿತು.

ಆ ವಾಕ್ಯವನ್ನು ಬರೆದವನು ಯಾರೆಂದು ವಿಚಾರಿಸಿ ನೋಡಿದೆನು. ನಾನು ಸುಳ್ಳು ಹೇಳಬೇಕೆಂದು ಬರೆದಿರಲಿಲ್ಲ. ಆ ಜಾತಿಯ ಪ್ರಬಂಧಗಳಲ್ಲೆಲ್ಲ ಆ ಸ್ಥಳದಲ್ಲಿ ಆ ವಾಕ್ಯವಿರುತ್ತದೆ. ಮದುವೆಯ ಕರೆಯೋಲೆಯಲ್ಲಿ “ಆಗಮಿಸಿ ಆಶೀರ್ವದಿಸಬೇಕು” ಎಂಬದು ತಾನಾಗಿಯೇ ಬರುವಂತೆ ಅದು ಬಂದು ಕೂತಿತ್ತು. ಅದಕ್ಕೆ ಕರ್ತೃವಿಲ್ಲ. “ಕಂಡುಬಂದಿತು.” ಯಾರಿಗೆ ಕಂಡಿತು? ಹೇಗೆ ಕಂಡಿತು? ಶಾಸ್ತ್ರದಲ್ಲಿ ‘ನಾನು’ ಎನ್ನದಿರುವದು ವಿನಯವೆಂದು ನಮಗೆ ಕಲಿಸಿದ್ದಾರೆ. ಆದರೆ ಕೆಲವೆಡೆ ‘ನಾನು’ ಎನ್ನದಿರುವದು ತಲೆತಪ್ಪಿಸಿಕೊಳ್ಳುವ ಉಪಾಯವೂ ಹೌದು. “ಆಕೆಗೆ ತಿಳಿವಳಿಕೆಯಿಲ್ಲವೆಂದು ನಾನು ತಿಳಿದೆನು” ಎಂದು ಬರೆಯಬೇಕಾಗಿದ್ದರೆ ಲೇಖಣಿಯು ಅಲ್ಲಿಯೇ ನಿಲ್ಲುತ್ತಿತ್ತು.

ಇನ್ನೊಂದು ವಾಕ್ಯವೂ ಇತ್ತು. ಅದು ಮೊದಲನೆಯ ಪುಟದಲ್ಲಿ. “ಈ ವಿಷಯವನ್ನು ಇದುವರೆಗೆ ಯಾರೂ ಗಮನಿಸಿಲ್ಲ.” ಇದೂ ರೂಢಿಯದೇ. ಸಂಶೋಧನ ಪ್ರಬಂಧದ ಪೀಠಿಕೆಯಲ್ಲಿ ಲೇಖಕನು ಮೊದಲು ಕ್ಷೇತ್ರವನ್ನು ತೋರಿಸಿ, ಬಳಿಕ ಅದರಲ್ಲೊಂದು ತೆರವನ್ನು ತೋರಿಸಿ, ಆ ತೆರವನ್ನು ತಾನು ತುಂಬುವೆನೆಂದು ಹೇಳುತ್ತಾನೆಂದು ಜಾನ್ ಸ್ವೇಲ್ಸ್ ಎಂಬವರು 1990ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ವಿವರಣೆಯು ಸರಿಯಾದುದೇ, ಆದರೆ ಕಲಿಯುವವರಿಗೆ ಅದು ವಿಧಿಯಾಯಿತು. ತೆರವಿಲ್ಲದಿದ್ದರೂ ತೆರವನ್ನು ಕಾಣಬೇಕಾಯಿತು. ನಿಪ್ಪಾಣಿಯ ತಂಬಾಕನ್ನು ಯಾರೂ ಗಮನಿಸಿಲ್ಲವೇ! 1981ರಲ್ಲಿ ಇಲ್ಲಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೂಡಿದ ಚಳವಳಿಯಲ್ಲಿ ಗೋಲಿಬಾರಾಗಿ ಜೀವಗಳು ಹೋದವು. ವಖಾರಿಯ ಹೆಣ್ಣುಮಕ್ಕಳು ಅದೇ ಕಾಲದಲ್ಲಿ ಸಂಘಕಟ್ಟಿ ನಿಂತರು. 1982ರಲ್ಲಿ ಯುಗಾಂತರ ಎಂಬ ಸ್ತ್ರೀಯರ ಕೂಟವು ಅವರೊಡನೆ ಕೂಡಿ ‘ತಂಬಾಕು ಚಾಕಿಲಾ ಊಬ್ ಆಲೀ’ ಎಂಬ ಚಲಚ್ಚಿತ್ರವನ್ನು ತೆಗೆಯಿತು. ಅದರಲ್ಲಿ ಆ ಕೆಲಸಗಾರ್ತಿಯರೇ ತಮ್ಮ ಮಾತಿನಲ್ಲಿ ತಮ್ಮ ಸ್ಥಿತಿಯನ್ನು ಹೇಳುತ್ತಾರೆ. ನನ್ನ ಪೂರ್ವಪಕ್ಷಿಗಳು ಅವರಾಗಿದ್ದರು. ಪೂರ್ವಪಕ್ಷವನ್ನು ಹೇಳದೆ ಸಿದ್ಧಾಂತಕ್ಕೆ ಹಾರಿದ ನನ್ನನ್ನು ಮೀಮಾಂಸಕನು ಶಾಲೆಯಿಂದ ಹೊರಗೆ ಹಾಕುತ್ತಿದ್ದನು.

ಈ ತಪ್ಪನ್ನೆಲ್ಲ ಇಂಗ್ಲಿಷಿನ ತಲೆಗೆ ಕಟ್ಟುವದು ಸುಲಭ, ಆದರೆ ನ್ಯಾಯವಲ್ಲ. ಅದೇ ಕರಡನ್ನು ನಾನು ಕನ್ನಡಕ್ಕೆ ಇಳಿಸಲು ಕೂತಾಗ ಇನ್ನೊಂದು ಸಂಗತಿ ಬೆಳಕಿಗೆ ಬಂದಿತು. ವಖಾರಿಯ ಮಾಲಕರನ್ನು ನಾನು “ಅವರು ಹೇಳಿದರು” ಎಂದು ಬರೆದೆ. ಕೆಲಸಗಾರ್ತಿಯನ್ನು “ಆಕೆ ಹೇಳಿದಳು” ಎಂದೆ. ಮಾಲಕರು ನನಗಿಂತ ಚಿಕ್ಕವರು, ಆಕೆ ನನ್ನ ತಾಯಿಯ ವಯಸ್ಸಿನವಳು. ಈ ಲೇಖನದಲ್ಲಿಯೂ ಮೇಲೆ ನಾನು ಹಾಗೆಯೇ ಬರೆದಿರುವದನ್ನು ಸೂಕ್ಷ್ಮದೃಷ್ಟಿಯ ವಾಚಕರು ಕಂಡಿರಬಹುದು. ಅದನ್ನು ತಿದ್ದದೆ ಇಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಪಂಕ್ತಿಯ ಸರ್ವನಾಮವಿತ್ತು. ನನ್ನ ಮನಸ್ಸಿನೊಳಗಿನ ಮೇಲು ಕೀಳುಗಳನ್ನು ಅದು ಕಾಗದದ ಮೇಲೆ ಬರಗೊಡಲಿಲ್ಲ. ನನ್ನ ಗುರುಗಳ ಬರಿಯ ಅಡ್ಡಹೆಸರನ್ನು ಮೊದಲ ಸಲ ಇಂಗ್ಲಿಷಿನಲ್ಲಿ ಬರೆದಾಗ ಕೈ ನಡುಗಿತ್ತು. ಆ ಸಮತೆಯ ಇನ್ನೊಂದು ಮಗ್ಗುಲನ್ನು ಅಂದು ನಾನು ಕಂಡಿರಲಿಲ್ಲ. ಒಂದು ಭಾಷೆಯು ಮುಚ್ಚಿದ್ದನ್ನು ಇನ್ನೊಂದು ಬಿಚ್ಚಿ ತೋರಿಸುತ್ತದೆ. ಇಂಗ್ಲಿಷಿನ ಕರ್ತೃವಿಲ್ಲದ ವಾಕ್ಯವು ಕನ್ನಡದ ಜಗುಲಿಯ ಮೇಲೆ ಸಿಕ್ಕಿಬಿದ್ದಿತು. ಕನ್ನಡದ ಸರ್ವನಾಮವು ಇಂಗ್ಲಿಷಿನ ಪಕ್ಕದಲ್ಲಿಟ್ಟಾಗ ಸಿಕ್ಕಿಬಿದ್ದಿತು.

ಹಾಗಾದರೆ, ಯಾರ ವಿಷಯವಾಗಿ ಬರೆಯುತ್ತೇವೆಯೋ ಅವರ ಎದುರಿಗೆ ಅವರ ಭಾಷೆಯಲ್ಲಿ ಓದಲಾಗದ ವಾಕ್ಯವನ್ನು ಯಾವ ಭಾಷೆಯಲ್ಲಿಯೂ ಬರೆಯಬಾರದೆಂದು ನಿಯಮ ಮಾಡೋಣವೇ? ಆ ಸಂಜೆಯ ನಂತರ ಕೆಲಕಾಲ ನಾನು ಹಾಗೆಯೇ ನಂಬಿದ್ದೆನು. ಆದರೆ ಈ ನಿಯಮಕ್ಕೆ ಒಂದು ಬಲವಾದ ಆಕ್ಷೇಪವಿದೆ; ಅದೂ ನಿಪ್ಪಾಣಿಯ ದಾರಿಯಿಂದಲೇ ಬರುತ್ತದೆ.

1925ರ ಏಪ್ರಿಲಿನಲ್ಲಿ ಡಾಕ್ಟರ್ ಅಂಬೇಡಕರರು ನಿಪ್ಪಾಣಿಗೆ ಬಂದು ಅಸ್ಪೃಶ್ಯವರ್ಗಗಳ ಪರಿಷತ್ತಿನ ಅಧ್ಯಕ್ಷತೆಯನ್ನು ವಹಿಸಿದರು. ಅದಕ್ಕಿಂತ ಒಂಬತ್ತು ವರ್ಷ ಮುಂಚೆ, 1916ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಭಾರತದ ಜಾತಿಗಳ ಹುಟ್ಟನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧವನ್ನೋದಿದ್ದರು. ಆ ಪ್ರಬಂಧವು ಯಾರ ವಿಷಯವಾಗಿದ್ದಿತೋ ಆ ಮೇಲುಜಾತಿಯ ಹಿರಿಯರ ಎದುರಿಗೆ, ಅವರ ಊರಿನ ಚಾವಡಿಯಲ್ಲಿ, ಅವರ ಭಾಷೆಯಲ್ಲಿ ಓದಲು ಅಂದು ಸಾಧ್ಯವಿತ್ತೇ? ಚಾವಡಿಯ ಮೆಟ್ಟಿಲನ್ನೇ ಹತ್ತಗೊಡದವರ ಮುಂದೆ ಓದಿ ಒಪ್ಪಿಗೆ ಪಡೆಯಬೇಕೆಂದರೆ ಅದು ಬಾಯಿ ಮುಚ್ಚಿಸುವದೇ ಸರಿ. ಪರಭಾಷೆಯು ಕೆಲವೊಮ್ಮೆ ಆಶ್ರಯವೂ ಆಗುತ್ತದೆ. ಊರಿನ ಪಂಚರು ಕೇಳದ ಮಾತನ್ನು ದೂರದ ನ್ಯಾಯಸ್ಥಾನವು ಕೇಳೀತೆಂಬ ಆಸೆಯಿಂದ ಮನುಷ್ಯನು ಅಲ್ಲಿಗೆ ಹೋಗುತ್ತಾನೆ.

ದೂರದ ನ್ಯಾಯಸ್ಥಾನದಲ್ಲಿಯೂ ಪಂಚರಿರುತ್ತಾರೆಂಬದು ಬೇರೆ ಮಾತು. ರೂಪಾಯಿಯ ಸಮಸ್ಯೆಯನ್ನು ಕುರಿತು ಅಂಬೇಡಕರರು ಲಂಡನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧವು ಪರೀಕ್ಷಕರಿಗೆ ಖಾರವಾಗಿ ತೋರಿತೆಂದೂ, ತಿರುಗಿ ಬರೆಯಬೇಕೆಂದು ಅವರು ಹೇಳಿದರೆಂದೂ, ಅಂಬೇಡಕರರು ತಮ್ಮ ನಿರ್ಣಯಗಳನ್ನು ಹಾಗೆಯೇ ಇಟ್ಟುಕೊಂಡು ಬರೆಹವನ್ನು ತಿದ್ದಿ ಮತ್ತೆ ಒಪ್ಪಿಸಿದರೆಂದೂ ಚರಿತ್ರಕಾರರು ಹೇಳುತ್ತಾರೆ. ಗ್ರಂಥವು 1923ರಲ್ಲಿ ಅಚ್ಚಾಯಿತು. ಹದಿಮೂರು ವರ್ಷಗಳ ಮೇಲೆ, 1936ರಲ್ಲಿ, ಲಾಹೋರಿನ ಜಾತ್ ಪಾತ್ ತೋಡಕ ಮಂಡಲದವರು ತಮ್ಮ ಸಮ್ಮೇಳನಕ್ಕೆ ಅವರು ಸಿದ್ಧಪಡಿಸಿದ ಇಂಗ್ಲಿಷ್ ಭಾಷಣದಲ್ಲಿ ಕೆಲವು ಭಾಗಗಳನ್ನು ಬಿಡಬೇಕೆಂದು ಕೇಳಿಕೊಂಡರು. ಆಗ ಒಂದು ಅಲ್ಪವಿರಾಮವನ್ನೂ ಬದಲಿಸಲು ಅವರು ಒಪ್ಪಲಿಲ್ಲ, ಭಾಷಣವು ನಡೆಯಲಿಲ್ಲ, ತಾವೇ ಅದನ್ನು ಅಚ್ಚು ಹಾಕಿಸಿದರು. ಒಂದೆಡೆ ಬಾಗಿದರು, ಇನ್ನೊಂದೆಡೆ ಬಾಗಲಿಲ್ಲ. ಇದರಲ್ಲಿ ವಿರೋಧವಿದೆಯೆಂದು ನನಗೆ ತೋರುವದಿಲ್ಲ. ಲಂಡನ್ನಿನಲ್ಲಿ ತಿದ್ದಿದ್ದು ಹೇಳುವ ರೀತಿಯನ್ನು. ಲಾಹೋರಿನವರು ಕೇಳಿದ್ದು ಹೇಳಿದ ಮಾತನ್ನು. ಮತ್ತು ಇಷ್ಟೆಲ್ಲ ಇಂಗ್ಲಿಷಿನಲ್ಲಿ ಬರೆದವರು 1920ರಲ್ಲಿ ‘ಮೂಕನಾಯಕ’ವನ್ನೂ 1927ರಲ್ಲಿ ‘ಬಹಿಷ್ಕೃತ ಭಾರತ’ವನ್ನೂ ಮರಾಠಿಯಲ್ಲಿಯೇ ಹೊರಡಿಸಿದರೆಂಬದನ್ನು ನಾವು ಅಷ್ಟಾಗಿ ನೆನೆಯುವದಿಲ್ಲ. ಯಾರ ಪರವಾಗಿ ಪರಭಾಷೆಯಲ್ಲಿ ವಾದಿಸಿದರೋ ಅವರ ಮುಂದೆ ಅವರ ಭಾಷೆಯಲ್ಲಿ ಲೆಕ್ಕವನ್ನೂ ಒಪ್ಪಿಸಿದರು.

ಆದುದರಿಂದ ನನ್ನ ನಿಯಮವನ್ನು ತಿದ್ದಿಕೊಂಡಿದ್ದೇನೆ. ಬಲಿಷ್ಠನ ವಿಷಯವಾಗಿ ಬರೆಯುವವನು ಅವನ ಅಪ್ಪಣೆಯನ್ನು ಕೇಳಬೇಕಾಗಿಲ್ಲ. ಬಲಿಷ್ಠನಿಗೆ ಎಲ್ಲ ಭಾಷೆಗಳಲ್ಲಿಯೂ ವಕೀಲರು ಸಿಗುತ್ತಾರೆ. ಆದರೆ ತನಗಿಂತ ದುರ್ಬಲನಾದವನ ವಿಷಯವಾಗಿ, ಅವನು ಉತ್ತರ ಕೊಡಲಾರದ ಭಾಷೆಯಲ್ಲಿ ಬರೆಯುವವನು, ತಾನೇ ಹೋಗಿ ಅವನಿಗೆ ಓದಿ ಹೇಳಬೇಕು. ಅವನು “ಅಲ್ಲ” ಎಂದರೆ ಆ “ಅಲ್ಲ”ವನ್ನೂ ಬರೆಯಬೇಕು. ಒಪ್ಪಲೇಬೇಕೆಂದಲ್ಲ. ಕೇಳಿ, ವಿಚಾರಿಸಿ, ಒಪ್ಪದಿದ್ದರೆ ಒಪ್ಪಿಲ್ಲವೆಂದು ಬರೆದರೂ ಸಾಕು.

ಅಂಥ “ಅಲ್ಲ”ಕ್ಕೆ ಎಷ್ಟು ಬಲವಿದೆಯೆಂಬದನ್ನು 2025ರಲ್ಲಿ ಅಥಣಿಯವರೂ ನಿಪ್ಪಾಣಿಯವರೂ ಕಣ್ಣಾರೆ ಕಂಡರು. ಆ ವರ್ಷದ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿಯು ಮಿಲಾನಿನ ತನ್ನ ಪ್ರದರ್ಶನದಲ್ಲಿ ಕೊಲ್ಲಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆಗಳನ್ನು ತೊಡಿಸಿ, ಬರಿಯ ಚರ್ಮದ ಪಾದರಕ್ಷೆಗಳೆಂದು ಬಣ್ಣಿಸಿತು. ಕೊಲ್ಲಾಪುರಿ ಎಂಬ ಹೆಸರಿನಡಿಯಲ್ಲಿಯೇ ಅಥಣಿ ನಿಪ್ಪಾಣಿಗಳ ಎಷ್ಟು ಕೈಗಳು ಮರೆಯಾಗಿವೆಯೆಂಬದು ನಮಗೆ ಗೊತ್ತು. ಅದರ ಭೌಗೋಳಿಕ ಗುರುತು ಮಹಾರಾಷ್ಟ್ರ ಕರ್ನಾಟಕಗಳೆರಡರ ಜಿಲ್ಲೆಗಳಿಗ ಸೇರಿದೆ. ಇಲ್ಲಿ ಆ ಒಂದು ಹೆಸರೂ ಹೋಯಿತು. ಆದರೆ ಚಿತ್ರಗಳು ಊರಿಗೆ ಬಂದವು, ಗದ್ದಲವೆದ್ದಿತು, ಕೆಲವೇ ದಿನಗಳಲ್ಲಿ ಕಂಪನಿಯು ಭಾರತದ ಕುಶಲಕರ್ಮಿಗಳ ಪರಂಪರೆಯೇ ಅದಕ್ಕೆ ಪ್ರೇರಣೆಯೆಂದು ಒಪ್ಪಿಕೊಂಡಿತು. ಚಿತ್ರವು ಎಲ್ಲರಿಗೂ ತಿಳಿಯುವ ಭಾಷೆ. ನಮ್ಮ ಪ್ರಬಂಧಗಳು ಹಾಗೆ ಊರಿಗೆ ಮರಳಿ ಬರುವದಿಲ್ಲ. ಬಂದರೂ ಯಾರೂ ಗದ್ದಲವೆಬ್ಬಿಸಲಾರರು. ಆ ನಿಶ್ಶಬ್ದವನ್ನು ನಾವು ಒಪ್ಪಿಗೆಯೆಂದು ತಿಳಿಯುತ್ತೇವೆ.

ಇದಕ್ಕೆ ವೇಳೆಯೆಲ್ಲಿದೆ, ಹಣವೆಲ್ಲಿದೆ ಎಂದು ತರುಣ ಮಿತ್ರರು ಕೇಳುತ್ತಾರೆ. ಅವರ ಕಷ್ಟವನ್ನು ನಾನು ಅಲ್ಲಗಳೆಯುವದಿಲ್ಲ. ಯಾಳ್ಪಾಣದ ಸುರೇಶ ಕಣಗರಾಜರು 2002ರ ತಮ್ಮ ಗ್ರಂಥದಲ್ಲಿ, ಯುದ್ಧಕಾಲದಲ್ಲಿ ಬರೆಯಲು ಕಾಗದವೇ ಸಿಗದ ಊರಿನಿಂದ ಪಶ್ಚಿಮದ ಪತ್ರಿಕೆಗಳ ನಿಯಮಗಳನ್ನು ಪಾಲಿಸುವ ಪಾಡನ್ನು ವರ್ಣಿಸಿದ್ದಾರೆ. ಅದಕ್ಕೆ ಹೋಲಿಸಿದರೆ ನಮ್ಮದು ಸುಖದ ಸ್ಥಿತಿ. ಚಿಕ್ಕೋಡಿಯಿಂದ ನಿಪ್ಪಾಣಿಗೆ ಬಸ್ಸು ಇದೆ.

ನಾನು ಆ ಬಸ್ಸು ಹತ್ತಿ ಮತ್ತೆ ಹೋದೆನು. ಆದರೆ ಕೂಡಲೇ ಅಲ್ಲ, ನಾಲ್ಕು ತಿಂಗಳ ಮೇಲೆ. ಬಿಟ್ಟು ಓದಿದ ವಾಕ್ಯವನ್ನು ಆಕೆಗೆ, ಅಲ್ಲ, ಅವರಿಗೆ, ಓದಿ ಹೇಳಿದೆನು. ಅವರು ಸಿಟ್ಟಾಗುವರೆಂದು ಎಣಿಸಿದ್ದೆ, ನಕ್ಕರು. “ಹಂಗ ಬರದ್ರ ನಿಮಗ ಪಗಾರ ಹೆಚ್ಚಾಗತೈತೇನ್ರಿ ಮಾಸ್ತರ?” ಎಂದು ಕೇಳಿದರು. ಹೌದೆಂದೇ ಹೇಳಬೇಕಾಯಿತು. ಆ ಮೇಲೆ ಆ ವಾಕ್ಯದ ಸ್ಥಳದಲ್ಲಿ ಅವರ ಮೂರು ಆಯ್ಕೆಗಳ ಮಾತನ್ನು ಹಾಕಿ, “ಯಾರೂ ಗಮನಿಸಿಲ್ಲ” ಎಂಬದನ್ನು ಹೊಡೆದು ಪತ್ರಿಕೆಗೆ ಕಳುಹಿದೆನು. ಪರೀಕ್ಷಿಸಿದವರೊಬ್ಬರು, ಒಬ್ಬ ಮುದುಕಿಯ ಮಾತು ಶೋಧವಾಗಲಾರದು, ತಿಳಿವಳಿಕೆಯ ಪ್ರಮಾಣವನ್ನು ಅಂಕಿಗಳಲ್ಲಿ ಕೊಡಿರೆಂದು ಬರೆದರು. ಅವರ ಮಾತಿನಲ್ಲಿಯೂ ಅರ್ಧ ನ್ಯಾಯವಿತ್ತು. ಒಬ್ಬರ ಮಾತನ್ನು ಎಲ್ಲರ ಮಾತೆಂದು ನಾನು ಬರೆದಿದ್ದೆ. ಉಳಿದವರನ್ನೂ ತಿರುಗಿ ಕೇಳಿದೆನು. ಹೆಚ್ಚಿನವರು ಅದನ್ನೇ ಹೇಳಿದರು. ಇಬ್ಬರು ಮಾತ್ರ, ಧೂಳಿನಿಂದ ಏನೂ ಆಗುವದಿಲ್ಲವೆಂದರು. ಅದನ್ನೂ ಬರೆದೆನು. ಆ ಪತ್ರಿಕೆಯು ಒಲ್ಲೆನೆಂದಿತು. ಬೇರೊಂದು ಸಣ್ಣ ಪತ್ರಿಕೆಯಲ್ಲಿ ಅಚ್ಚಾಯಿತು.

ಅದರ ಒಂದು ಪ್ರತಿಯನ್ನು ಅವರಿಗೆ ಕೊಡಲು ಹೋದೆನು. ಅವರ ಮೊಮ್ಮಗಳು ಇಂಗ್ಲಿಷ್ ಶಾಲೆಯಲ್ಲಿ ಆರನೆಯ ಇಯತ್ತೆ ಓದುತ್ತಿದ್ದಳು. ಹುಡುಗಿ ಪುಟ ತಿರುವಿ, ಒಂದೊಂದು ಅಕ್ಷರದ ಮೇಲೆ ಬೆರಳಿಟ್ಟು, ಅಜ್ಜಿಯ ಮಾತಿರುವ ಸ್ಥಳವನ್ನು ಹುಡುಕಿ ತೆಗೆದಳು. ಹೆಸರು ಹಾಕಬಾರದೆಂಬ ನಿಯಮವಿರುವದರಿಂದ ಅಲ್ಲಿ “ರಿಸ್ಪಾಂಡೆಂಟ್ ನಂಬರ್ 14” ಎಂದಿತ್ತು. ಹಾಗೆಂದರೇನೆಂದು ಹುಡುಗಿ ನನ್ನನ್ನು ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಒಳಗೆ ಹೋಗಿ ತನ್ನ ನಿಘಂಟನ್ನು ತಂದು ನೋಡಿ, “ಪ್ರತಿವಾದಿ ಅಂತ ಐತಿ ಆಯಿ, ಕೋರ್ಟಿನ್ಯಾಗ ಇರ್ತಾರಲ್ಲ, ಅವರು” ಎಂದಳು.

ಮುದುಕಿಯವರು ನನ್ನ ಕಡೆಗೆ ತಿರುಗಿದರು.

“ನಾ ಏನ ಮಾಡೇನ್ರಿ ಮಾಸ್ತರ? ನನ್ನ ಮ್ಯಾಲ ಫಿರ್ಯಾದಿ ಹಾಕಿದವರ್ಯಾರು?”